‘ಸಮನ್ಸ್’ ಹಂತದಲ್ಲಿ ಕೂತ ಕೇಸುಗಳನ್ನು ಬೇರ್ಪಡಿಸಿದ್ದು

ತಾಲ್ಲೂಕು ನ್ಯಾಯಾಲಯದ ಶಿರಸ್ತೇದಾರನಿಗೆ ಅಂಕಿಅಂಶಕ್ಕೇನೂ ಬರವಿಲ್ಲ. ಕೇಸುಗಳ ಮಾಹಿತಿ ದಾಖಲಿಸುವ ಸಿಐಎಸ್ ತಂತ್ರಾಂಶ ತೆರೆದರೆ ಕೇಸು ಎಷ್ಟು ಹಳೆಯದು, ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವತ್ತು ಎಲ್ಲ ಸಿಗುತ್ತದೆ. ಅದೇ ಮಾಹಿತಿ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ಗೆ ಹೋಗುತ್ತದೆ. 2015ರಿಂದ ಅದನ್ನು ಯಾರು ಬೇಕಾದರೂ ನೋಡಬಹುದು. ಜಿಲ್ಲಾ, ತಾಲ್ಲೂಕು ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಕೇಸು ಬಾಕಿ ಎನ್ನುವ ಲೆಕ್ಕ ಬರುವುದು ಅಲ್ಲಿಂದಲೇ.

ನಮ್ಮ ನ್ಯಾಯಾಲಯದಲ್ಲಿ ಚೆಕ್ ಬೌನ್ಸ್ ಕೇಸುಗಳ ದೊಡ್ಡ ರಾಶಿ ‘ಸಮನ್ಸ್’ ಎಂಬ ಒಂದೇ ಹಂತದಲ್ಲಿ ಕೂತಿತ್ತು. ವಿಳಂಬಕ್ಕೆ ಕಾರಣ ತುಂಬುವ ಅಂಕಣವೇನೋ ಇದೆ. ಆದರೆ ಸಂಜೆ ಆರು ಗಂಟೆಗೆ ಬೆಂಚ್ ಕ್ಲರ್ಕ್ ಪಟ್ಟಿಯಿಂದ ಕೈಗೆ ಸಿಕ್ಕಿದ್ದೊಂದನ್ನು ಒತ್ತಿರುತ್ತಾರೆ. ನಿಜವಾದ ಕಾರಣ ಇರುವುದು ಆರ್ಡರ್ ಶೀಟಿನಲ್ಲಿ. ಪ್ರತಿ ವಾಯಿದೆಯ ಎರಡು ಸಾಲು, ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಉಳಿದದ್ದು ಸಂಕ್ಷೇಪಾಕ್ಷರ.

ಸಾಹೇಬರ, ಅಂದರೆ ನ್ಯಾಯಾಧೀಶರ, ಅನುಮತಿ ಪಡೆದು ಆ ಸಾಲುಗಳನ್ನು ಓದುವ ಕೆಲಸವನ್ನು ಎಐಗೆ ಕೊಟ್ಟೆವು. ಹೊರಗಿನ ಚಾಟ್‌ಬಾಟ್‌ಗೆ ಕಡತ ಹಾಕುವ ಮಾತೇ ಇರಲಿಲ್ಲ. ಸಿಸ್ಟಂ ಸಹಾಯಕರು ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲಿ ಒಂದು ಸಣ್ಣ ಭಾಷಾ ಮಾದರಿ ಹಾಕಿಕೊಟ್ಟರು. ಪಕ್ಷಗಾರರ ಹೆಸರು ತೆಗೆದು, ಕೇಸಿನ ಗುರುತಿಗೆ ಸಿಎನ್‌ಆರ್ ಸಂಖ್ಯೆಯೊಂದನ್ನೇ ಇಟ್ಟೆವು. ಕೇಳಿದ ಪ್ರಶ್ನೆಯೂ ಒಂದೇ: ಸಮನ್ಸ್ ಎಲ್ಲಿ ನಿಂತಿದೆ?

ಒಂದು ರಾಶಿ ನಾಲ್ಕಾಯಿತು. ಕೆಲವಕ್ಕೆ ಫಿರ್ಯಾದುದಾರರು ಪಿಎಫ್, ಅಂದರೆ ಸಮನ್ಸ್ ಹೊರಡಿಸಲು ಕಟ್ಟಬೇಕಾದ ಪ್ರೊಸೆಸ್ ಫೀ, ಕಟ್ಟಿಯೇ ಇಲ್ಲ. ಕೆಲವಕ್ಕೆ ಕಟ್ಟಿದ್ದಾರೆ, ನಮ್ಮ ಕಚೇರಿಯಿಂದಲೇ ಸಮನ್ಸ್ ಹೊರಟಿಲ್ಲ. ಕೆಲವು ಠಾಣೆಗೆ ಹೋಗಿವೆ, ತಿರುಗಿ ಬಂದಿಲ್ಲ. ಇನ್ನು ಕೆಲವು ‘ಸದರಿ ವಿಳಾಸದಲ್ಲಿ ವಾಸವಿಲ್ಲ, ಬೆಂಗಳೂರಿಗೆ ಹೋಗಿರುವುದಾಗಿ ಅಕ್ಕಪಕ್ಕದವರು ತಿಳಿಸಿರುತ್ತಾರೆ’ ಎಂಬ ಷರಾ ಹೊತ್ತು ಬಂದಿವೆ. ಅಂಕಣದಲ್ಲಿ ಎಲ್ಲಕ್ಕೂ ‘ಆರೋಪಿ ಗೈರು’! ಸಮನ್ಸೇ ಹೋಗದವನು ಗೈರು ಹೇಗಾದಾನು?

ಯಂತ್ರ ಎಡವಿದ ಜಾಗವೂ ಇದೇ. ‘ಪಿಎಫ್ ಕಟ್ಟಿದಲ್ಲಿ ಸಮನ್ಸ್ ಹೊರಡಿಸಿ’ ಎಂದಿದ್ದರೆ ಅದು ಪಿಎಫ್ ಕಟ್ಟಿಯಾಗಿದೆ ಎಂದೇ ಗುರುತು ಹಾಕುತ್ತಿತ್ತು. ನಮ್ಮ ಗುಮಾಸ್ತರು ಇಂಥ ಸಾಲುಗಳನ್ನು ಸರಿ ಉತ್ತರದೊಂದಿಗೆ ಮಾದರಿಯಾಗಿ ತೋರಿಸಿದ ಮೇಲೆ ಬಹುಮಟ್ಟಿಗೆ ಸುಧಾರಿಸಿತು. ಆದರೂ ಪಿಎಫ್ ಪಟ್ಟಿಯನ್ನು ಈಗಲೂ ಕೈಯಲ್ಲೇ ತಾಳೆ ನೋಡುತ್ತೇವೆ. ಶುಲ್ಕ ಕಟ್ಟದಿದ್ದರೆ ಫಿರ್ಯಾದನ್ನೇ ವಜಾ ಮಾಡಲು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 227ನೇ ಕಲಮಿನಲ್ಲಿ ಅವಕಾಶವಿದೆ. ಯಂತ್ರದ ಮಾತು ನಂಬಿ ಯಾರ ಕೇಸನ್ನೂ ಆ ಅಂಚಿಗೆ ತಳ್ಳುವಂತಿಲ್ಲ. ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಹೊರಡಿಸಿದ ನೀತಿಯು ತೀರ್ಪು, ಆದೇಶಗಳಿಗೆ ಎಐ ಬಳಸಬಾರದು ಎನ್ನುತ್ತದೆ. ಸರಿಯೇ ಅನಿಸುತ್ತದೆ. ಯಂತ್ರ ಕಡತ ಬೇರ್ಪಡಿಸಲಿ, ಅಷ್ಟು ಸಾಕು.

ರಾಶಿ ಬೇರೆಯಾದ ಮೇಲೆ ಮದ್ದೂ ಬೇರೆ. ಪಿಎಫ್ ಬಾಕಿಯಿರುವ ಕೇಸುಗಳ ಪಟ್ಟಿಯನ್ನು ವಕೀಲರ ಸಂಘದ ಫಲಕಕ್ಕೆ ಅಂಟಿಸಿದೆವು. ಸ್ವಲ್ಪ ಗೊಣಗಾಟ ಆಯಿತು, ಹಣವೂ ಬಂತು. ಕಚೇರಿಯಲ್ಲೇ ಉಳಿದ ಸಮನ್ಸುಗಳಿಗೆ ಕೇಸ್ ವರ್ಕರ್‌ಗಳ ನಡುವೆ ಕೆಲಸ ಮರುಹಂಚಿಕೆ ಮಾಡಿದೆವು. ವಿಳಾಸ ತಪ್ಪಿದ ಕೇಸುಗಳಲ್ಲಿ ಹೊಸ ವಿಳಾಸ, ಮೊಬೈಲ್ ನಂಬರು, ಇಮೇಲ್ ಕೊಡುವಂತೆ ಸಾಹೇಬರು ಫಿರ್ಯಾದುದಾರರಿಗೆ ಹೇಳುತ್ತಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ವಿದ್ಯುನ್ಮಾನ ರೂಪದ ಸಮನ್ಸಿಗೂ ದಾರಿ ಮಾಡಿಕೊಟ್ಟಿದೆ.

ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಮಂಜೂರಾದ 7,210 ಕೋಟಿ ರೂಪಾಯಿಯಲ್ಲಿ ಎಐ, ಬ್ಲಾಕ್‌ಚೈನ್‌ನಂಥ ತಂತ್ರಜ್ಞಾನಗಳ ಪಾಲು 53.57 ಕೋಟಿ. ನಮ್ಮ ಪ್ರಯೋಗಕ್ಕೆ ಅದರಲ್ಲಿ ಏನೂ ಬೇಕಾಗಲಿಲ್ಲ. ಬೇಕಾದದ್ದು ಆರ್ಡರ್ ಶೀಟನ್ನು ಅಂದಂದೇ ಸರಿಯಾಗಿ ಟೈಪ್ ಮಾಡುವ ಕೈ.

ಠಾಣೆಯಿಂದ ತಿರುಗಿ ಬಾರದ ಸಮನ್ಸುಗಳ ರಾಶಿ ಮಾತ್ರ ಹೆಚ್ಚು ಕರಗಿಲ್ಲ. ವಾರಕ್ಕೊಮ್ಮೆ ಠಾಣಾವಾರು ಪಟ್ಟಿ ತೆಗೆದು ಕೋರ್ಟ್ ಕೆಲಸ ನೋಡುವ ಪೊಲೀಸ್ ಕಾನ್‌ಸ್ಟೆಬಲ್‌ಗಳ ಕೈಗೆ ಕೊಡುತ್ತೇವೆ. ಬಂದೋಬಸ್ತ್ ಇರುವ ವಾರ ಪಟ್ಟಿ ಕೊಟ್ಟ ಹಾಗೇ ವಾಪಸ್ ಬರುತ್ತದೆ.