ವಿದ್ಯುತ್ ವಾಹನವನ್ನು ಅರಿಯುವುದು ಹೇಗೆ? ಬ್ಯಾಟರಿಯಿಂದ ಕರೆಂಟ್ ಬಿಲ್ಲಿನವರೆಗೆ

ವಿದ್ಯುತ್ ಸ್ಕೂಟರನ್ನೋ ಕಾರನ್ನೋ ನೋಡಲು ಶೋರೂಮಿಗೆ ಹೋದವರಿಗೆ ಮೊದಲು ಕೇಳಿಸುವುದು ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಎಂಬ ಮಾತು. ಆಮೇಲೆ ಪರದೆಯ ಅಗಲ, ಮೊಬೈಲ್ ಆ್ಯಪಿನ ಸೌಕರ್ಯ, ಬಣ್ಣಗಳ ಆಯ್ಕೆ. ಬ್ಯಾಟರಿ ಯಾವ ಜಾತಿಯದು, ಅದರ ಧಾರಣ ಸಾಮರ್ಥ್ಯ ಎಷ್ಟು, ವಾರಂಟಿಯ ಷರತ್ತುಗಳೇನು ಎಂಬ ವಿವರಗಳು ಕರಪತ್ರದ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ ಉಳಿದುಬಿಡುತ್ತವೆ. ಕರಪತ್ರವನ್ನು ಕೊನೆಯ ಪುಟದಿಂದ ಓದಲು ಆರಂಭಿಸಬೇಕೆಂಬುದೇ ಈ ಲೇಖನದ ಸಲಹೆ. ಏಕೆಂದರೆ ಈ ವಾಹನಗಳ ಎರಡು ಶತಮಾನಗಳ ಕಥೆಯಲ್ಲಿ ಏಳುಬೀಳುಗಳನ್ನು ಮುಖ್ಯವಾಗಿ ನಿರ್ಧರಿಸಿದ್ದು ಬ್ಯಾಟರಿ.

ಹೆಜ್ಜೆ 1: ಇತಿಹಾಸವನ್ನು ಬ್ಯಾಟರಿಯ ಕಡೆಯಿಂದ ನೋಡಿ

ವಿದ್ಯುತ್ ವಾಹನವೆಂದರೆ ನಿನ್ನೆ ಮೊನ್ನೆಯ ಆವಿಷ್ಕಾರವೆಂಬ ಭಾವನೆ ವ್ಯಾಪಕವಾಗಿದೆ. 1830ರ ದಶಕದಲ್ಲಿಯೇ ಯುರೋಪ್ ಮತ್ತು ಅಮೆರಿಕಗಳಲ್ಲಿ ವಿದ್ಯುತ್ತಿನಿಂದ ಚಲಿಸುವ ಸಣ್ಣ ಮಾದರಿಗಳು ತಯಾರಾಗಿದ್ದವು. ಆದರೆ ಆಗಿನ ಬ್ಯಾಟರಿಗಳನ್ನು ಮತ್ತೆ ಚಾರ್ಜ್ ಮಾಡುವಂತಿರಲಿಲ್ಲ. 1859ರಲ್ಲಿ ಫ್ರಾನ್ಸಿನ ಗಾಸ್ತೋನ್ ಪ್ಲಾಂಟೆ ಮರುಚಾರ್ಜ್ ಆಗುವ ಸೀಸ-ಆಮ್ಲ ಬ್ಯಾಟರಿಯನ್ನು ರೂಪಿಸಿದ ಮೇಲೆ ದಾರಿ ತೆರೆಯಿತು. 1881ರಲ್ಲಿ ಗುಸ್ತಾವ್ ಟ್ರೂವೆ ಪ್ಯಾರಿಸ್ಸಿನ ಬೀದಿಯಲ್ಲಿ ಮೂರು ಚಕ್ರದ ವಿದ್ಯುತ್ ಗಾಡಿ ಓಡಿಸಿದರು. 1897ರಲ್ಲಿ ಲಂಡನ್ನಿನಲ್ಲಿ ವಾಲ್ಟರ್ ಬರ್ಸಿಯವರ ವಿದ್ಯುತ್ ಟ್ಯಾಕ್ಸಿಗಳು ಬಾಡಿಗೆಗೆ ಓಡಾಡಿದವು. ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು ಕೂಡ ವಿದ್ಯುತ್ತಿನದೇ. 1899ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ತಮ್ಮ ಕಾರಿನಲ್ಲಿ ಸುಮಾರು 106 ಕಿ.ಮೀ. ವೇಗ ಮುಟ್ಟಿದರು. 1900ರ ಹೊತ್ತಿಗೆ ಅಮೆರಿಕದ ರಸ್ತೆಗಳಲ್ಲಿದ್ದ ಮೋಟಾರು ಗಾಡಿಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ವಿದ್ಯುತ್ತಿನವು.

ಹೊಗೆಯಿಲ್ಲದ, ಸದ್ದಿಲ್ಲದ ಈ ವಾಹನ ಸೋತದ್ದೇಕೆ? 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಪೆಟ್ರೋಲ್ ಕಾರಿನ ಬೆಲೆಯನ್ನು ಇಳಿಸುತ್ತ ಹೋಯಿತು. 1912ರಲ್ಲಿ ಅಮೆರಿಕದಲ್ಲಿ ಪೆಟ್ರೋಲ್ ಕಾರೊಂದು 650 ಡಾಲರಿಗೆ ಸಿಗುತ್ತಿದ್ದಾಗ ವಿದ್ಯುತ್ ಕಾರಿಗೆ 1,750 ಡಾಲರ್ ತೆರಬೇಕಿತ್ತು. ಅದೇ ವರ್ಷ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಹ್ಯಾಂಡಲ್ ಹಾಕಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಷ್ಟ ತಪ್ಪಿದ್ದರಿಂದ ಪೆಟ್ರೋಲ್ ಕಾರಿನ ದೊಡ್ಡ ಕೊರತೆಯೇ ನೀಗಿತು. ಆ ಸ್ಟಾರ್ಟರ್ ಒಂದು ಸೀಸ-ಆಮ್ಲ ಬ್ಯಾಟರಿಯಿಂದ ತಿರುಗುವ ವಿದ್ಯುತ್ ಮೋಟಾರು. ವಿದ್ಯುತ್ ಕಾರನ್ನು ಮೂಲೆಗೆ ತಳ್ಳಿದ್ದು ಅದರದೇ ಅಂಗಾಂಗಗಳು.

ಈ ಕಥೆಯ ಮುಂದಿನ ಮುಖ್ಯ ಅಧ್ಯಾಯವೊಂದು ಬೆಂಗಳೂರಿನದು. ಚೇತನ್ ಮೈನಿಯವರ ನೇತೃತ್ವದಲ್ಲಿ ರೂಪುಗೊಂಡ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿಗೆ ಹೋಗಿ, ನಗರದ ನಡುಭಾಗಕ್ಕೆ ವಾಹನ ತಂದರೆ ಕಟ್ಟಬೇಕಾದ ಅಲ್ಲಿನ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದುದರಿಂದ ಊರೊಳಗೆ ಓಡಾಡುವವರ ಮೆಚ್ಚುಗೆ ಗಳಿಸಿತು. 2010ರಲ್ಲಿ ಮಹೀಂದ್ರ ಸಂಸ್ಥೆ ಕಂಪನಿಯನ್ನು ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಆರಂಭದ ರೇವಾದಲ್ಲಿದ್ದದ್ದು 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು. ಒಟ್ಟು 48 ವೋಲ್ಟ್, 200 ಆಂಪಿಯರ್ ಅವರ್, ಅಂದರೆ 9.6 ಕಿಲೋವಾಟ್ ಅವರ್ (ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 9.6 ಯೂನಿಟ್). ಒಂದು ಕಿಲೋ ತೂಕದ ಸೀಸದ ಬ್ಯಾಟರಿ ಸುಮಾರು 35 ವಾಟ್ ಅವರ್ ಶಕ್ತಿಯನ್ನು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಬ್ಯಾಟರಿಗಳ ತೂಕವೇ 270 ಕೆ.ಜಿ.ಯ ಆಸುಪಾಸಿಗೆ ಬರುತ್ತದೆ. ಇಷ್ಟು ಭಾರ ಹೊತ್ತು ಅದು ಕ್ರಮಿಸುತ್ತಿದ್ದುದು ಸುಮಾರು 80 ಕಿ.ಮೀ. ರೇವಾವನ್ನು ಆಟಿಕೆಯೆಂದು ಗೇಲಿ ಮಾಡಿದವರು ಈ ಲೆಕ್ಕವನ್ನು ಒಮ್ಮೆ ನೋಡಬೇಕಿತ್ತು. ಆ ಬ್ಯಾಟರಿಯನ್ನು ಕೈಗೆ ಕೊಟ್ಟರೆ ಯಾರಿಂದಲೂ ಅದಕ್ಕಿಂತ ದೊಡ್ಡ ಕಾರನ್ನು ಅಗ್ಗವಾಗಿ ಮಾಡಲಾಗುತ್ತಿರಲಿಲ್ಲ.

ತಿರುವು ತಂದದ್ದು ಲಿಥಿಯಂ ಅಯಾನ್ ಬ್ಯಾಟರಿ. ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡ್‌ಇನಫ್ ಮತ್ತು ಅಕಿರಾ ಯೋಶಿನೊ 1970 ಮತ್ತು 80ರ ದಶಕಗಳಲ್ಲಿ ನಡೆಸಿದ ಕೆಲಸಕ್ಕೆ 2019ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು. 1991ರಲ್ಲಿ ಸೋನಿ ಕಂಪನಿ ಇದನ್ನು ಮಾರುಕಟ್ಟೆಗೆ ತಂದದ್ದು ಕ್ಯಾಮೆರಾಗಳಂಥ ಚಿಕ್ಕ ಸಾಧನಗಳಿಗಾಗಿ. 2008ರ ಟೆಸ್ಲಾ ರೋಡ್‌ಸ್ಟರ್ ಅಂಥ ಸಾವಿರಾರು ಪುಟ್ಟ ಸೆಲ್ಲುಗಳನ್ನು ಜೋಡಿಸಿಕೊಂಡೇ ರಸ್ತೆಗಿಳಿಯಿತು.

ಹೆಜ್ಜೆ 2: ಎರಡು ಪ್ರಶ್ನೆ ಕೇಳಿ ಬಗೆ ಗುರುತಿಸಿ

ಪ್ಲಗ್ ಚುಚ್ಚಲು ಜಾಗವಿದೆಯೇ? ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್ ಇದೆಯೇ? ಈ ಎರಡು ಪ್ರಶ್ನೆಗಳು ಸಾಕು. ಪ್ಲಗ್ ಮಾತ್ರ ಇದ್ದರೆ ಅದು ಪೂರ್ಣ ಬ್ಯಾಟರಿ ವಾಹನ. ಹಸಿರು ನಂಬರ್ ಪ್ಲೇಟ್ ಸಿಗುವುದು ಇದಕ್ಕೆ. ಸ್ವಂತದ್ದಾದರೆ ಹಸಿರಿನ ಮೇಲೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಅಕ್ಷರ. ಟ್ಯಾಂಕ್ ಮಾತ್ರ ಇದ್ದು ಒಳಗೆ ಮೋಟಾರೂ ಇದ್ದರೆ ಹೈಬ್ರಿಡ್. ಎರಡೂ ಇದ್ದರೆ ಪ್ಲಗ್-ಇನ್ ಹೈಬ್ರಿಡ್. ಎರಡೂ ಇಲ್ಲದೆ ಹೈಡ್ರೋಜನ್ ಅನಿಲದ ಸಿಲಿಂಡರ್ ಇದ್ದು, ಅದರಿಂದ ವಾಹನದೊಳಗೇ ವಿದ್ಯುತ್ ತಯಾರಾಗುವುದಾದರೆ ಅದು ಫ್ಯೂಯೆಲ್ ಸೆಲ್ ವಾಹನ.

ಹೈಬ್ರಿಡ್ ಎಂಬ ಪದದ ಬಗ್ಗೆ ಎಚ್ಚರವಿರಲಿ. ಬಿಡದಿಯಲ್ಲಿ ತಯಾರಾಗುವ ಇನೋವಾ ಹೈಕ್ರಾಸ್‌ನಂಥ ಸ್ಟ್ರಾಂಗ್ ಹೈಬ್ರಿಡ್ ಕಾರು ಸ್ವಲ್ಪ ದೂರವನ್ನು ಮೋಟಾರಿನಿಂದಲೇ ಕ್ರಮಿಸಬಲ್ಲದು. ಮೈಲ್ಡ್ ಹೈಬ್ರಿಡ್ ಎಂದು ಮಾರುವ ಕಾರುಗಳಲ್ಲಿ ಮೋಟಾರು ಎಂಜಿನ್ನಿಗೆ ಕೈಯಾಸರೆ ಕೊಡುತ್ತದೆಯೇ ಹೊರತು ತಾನೊಂದೇ ಕಾರನ್ನು ಎಳೆಯುವುದಿಲ್ಲ. ಎರಡರಲ್ಲಿಯೂ ಶಕ್ತಿಯ ಮೂಲ ಪೆಟ್ರೋಲೇ. ಇನ್ನು ದ್ವಿಚಕ್ರ ವಾಹನಗಳಲ್ಲಿ 250 ವಾಟ್ ಮೀರದ ಮೋಟಾರು ಮತ್ತು ಗಂಟೆಗೆ 25 ಕಿ.ಮೀ. ಮೀರದ ವೇಗದವುಗಳಿಗೆ ನೋಂದಣಿಯೂ ಲೈಸೆನ್ಸೂ ಬೇಕಿಲ್ಲ. ಅಂಥ ಗಾಡಿಯಲ್ಲಿ ಏರು ರಸ್ತೆಯ ಊರುಗಳಲ್ಲಿ ಇಬ್ಬರು ಕೂತು ಹೋಗುವ ಆಸೆ ಇಟ್ಟುಕೊಳ್ಳಬಾರದು.

ಹೆಜ್ಜೆ 3: ಬ್ಯಾಟರಿಯ ಸಾಮರ್ಥ್ಯ ಮತ್ತು ಜಾತಿಯನ್ನು ಬರೆದುಕೊಳ್ಳಿ

ಕರಪತ್ರದಲ್ಲಿ ಕಿಲೋವಾಟ್ ಅವರ್ ಎಂದು ಬರೆದಿರುವುದು ಬೇರೇನೂ ಅಲ್ಲ, ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ. 3 ಕಿಲೋವಾಟ್ ಅವರ್ ಬ್ಯಾಟರಿಯೆಂದರೆ 3 ಯೂನಿಟ್, ಅಂದರೆ 3,000 ವಾಟ್ ಅವರ್ ಹಿಡಿಯುವ ಬ್ಯಾಟರಿ. ಸ್ಕೂಟರೊಂದು ಪೇಟೆಯ ಓಡಾಟದಲ್ಲಿ ಕಿಲೋಮೀಟರಿಗೆ ಸುಮಾರು 30 ವಾಟ್ ಅವರ್ ತಿನ್ನುತ್ತದೆ ಎಂದಿಟ್ಟುಕೊಂಡರೆ 3,000ವನ್ನು 30ರಿಂದ ಭಾಗಿಸಿದಾಗ 100 ಕಿ.ಮೀ. ಬರುತ್ತದೆ. ಪ್ರಮಾಣಪತ್ರದಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆ ಕಂಡರೆ ಅದು ನಿಗದಿತ ಕ್ರಮದ ಪರೀಕ್ಷೆಯಲ್ಲಿ ಬಂದದ್ದೆಂದು ತಿಳಿಯಬೇಕು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೊರವರ್ತುಲ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅದು ಸಿಗುವುದಿಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್‌ನಷ್ಟು ಶಕ್ತಿಯಿದೆ. ಹಾಗಾದರೆ ಈ ಸ್ಕೂಟರ್ 100 ಕಿ.ಮೀ. ಹೋಗುವುದು ಲೀಟರಿನ ಮೂರನೆಯ ಒಂದು ಭಾಗದಷ್ಟು ಶಕ್ತಿಯಿಂದ. ಪೆಟ್ರೋಲ್ ಎಂಜಿನ್ ತನ್ನ ಇಂಧನದ ಹೆಚ್ಚಿನ ಪಾಲನ್ನು ಶಾಖವಾಗಿ ಕಳೆದರೆ, ವಿದ್ಯುತ್ ಮೋಟಾರು ಒಳ್ಳೆಯ ಸ್ಥಿತಿಯಲ್ಲಿ ಸುಮಾರು ನೂರಕ್ಕೆ 90ರಷ್ಟನ್ನು ಕೆಲಸಕ್ಕೆ ಹಚ್ಚುತ್ತದೆ.

ಜಾತಿಯ ಮಾತಿಗೆ ಬಂದರೆ, ಇಂದು ಭಾರತದಲ್ಲಿ ಹೆಚ್ಚಾಗಿ ಸಿಗುವ ಲಿಥಿಯಂ ಬ್ಯಾಟರಿಗಳು ಎರಡು. ನಿಕಲ್, ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಬಳಸುವ ಎನ್.ಎಂ.ಸಿ. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತದೆ. ಕಬ್ಬಿಣ ಮತ್ತು ಫಾಸ್ಫೇಟ್ ಬಳಸುವ ಎಲ್.ಎಫ್.ಪಿ. ತುಸು ಭಾರ, ಆದರೆ ಹೆಚ್ಚು ಸಲ ಚಾರ್ಜ್ ಆಗಿ ಖಾಲಿಯಾಗುವುದನ್ನು ತಾಳಿಕೊಳ್ಳುತ್ತದೆ, ಬಿಸಿಯನ್ನೂ ಹೆಚ್ಚು ಸಹಿಸುತ್ತದೆ. ಕಲಬುರಗಿ, ರಾಯಚೂರಿನಂಥ ಸುಡುಬಿಸಿಲಿನ ಊರುಗಳವರಿಗೆ ಈ ಲೇಖಕನ ಒಲವು ಎಲ್.ಎಫ್.ಪಿ. ಕಡೆಗೇ. ದಿನನಿತ್ಯದ ಬಳಕೆಯಲ್ಲಿಯೂ ಎರಡಕ್ಕೆ ವ್ಯತ್ಯಾಸವಿದೆ. ಎನ್.ಎಂ.ಸಿ.ಯನ್ನು ಸಾಧಾರಣ ದಿನಗಳಲ್ಲಿ ನೂರಕ್ಕೆ 80ರವರೆಗೆ ಚಾರ್ಜ್ ಮಾಡಿದರೆ ಬಾಳಿಕೆ ಹೆಚ್ಚುತ್ತದೆ. ಎಲ್.ಎಫ್.ಪಿ.ಯ ವೋಲ್ಟೇಜ್ ಬಹುಪಾಲು ಸಮಯ ಒಂದೇ ಮಟ್ಟದಲ್ಲಿ ಇರುವುದರಿಂದ ಎಷ್ಟು ಉಳಿದಿದೆ ಎಂಬ ಅಂದಾಜು ತಪ್ಪಬಹುದು. ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಿದರೆ ಅಂದಾಜು ಸರಿಹೋಗುತ್ತದೆ.

ಸಾವಿರಾರು ಸೆಲ್ಲುಗಳಿರಲಿ, ನೂರಿರಲಿ, ಅವುಗಳ ವೋಲ್ಟೇಜನ್ನೂ ಬಿಸಿಯನ್ನೂ ಸದಾ ಗಮನಿಸುತ್ತ, ಮಿತಿ ಮೀರಿದರೆ ಸಂಪರ್ಕ ಕಡಿಯುವ ಕೆಲಸ ಬಿ.ಎಂ.ಎಸ್. ಎಂಬ ನಿಯಂತ್ರಣ ವ್ಯವಸ್ಥೆಯದು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ ನಂತರ ಬ್ಯಾಟರಿ ಸುರಕ್ಷತೆಯ ಎ.ಐ.ಎಸ್. 156 ನಿಯಮಗಳು ಬಿಗಿಯಾದವು. ವಾಹನ ಆ ಪರಿಷ್ಕೃತ ನಿಯಮಕ್ಕೆ ಒಳಪಟ್ಟಿದೆಯೇ ಎಂದು ಕೇಳಿರಿ. ವಾರಂಟಿಯಲ್ಲಿ ವರ್ಷ ಮತ್ತು ಕಿಲೋಮೀಟರ್ ಎರಡರ ಜೊತೆಗೆ, ಸಾಮರ್ಥ್ಯ ಎಷ್ಟು ಪ್ರತಿಶತಕ್ಕಿಂತ ಇಳಿದರೆ ಬ್ಯಾಟರಿ ಬದಲಿಸಿಕೊಡುತ್ತಾರೆ ಎಂಬುದು ಬರೆಹದಲ್ಲಿರಬೇಕು. ಬಾಯಿಮಾತಿನ ಭರವಸೆ ಇಲ್ಲಿ ಕೆಲಸಕ್ಕೆ ಬಾರದು.

ಹೆಜ್ಜೆ 4: ಮೋಟಾರು ಮತ್ತು ಅದನ್ನು ಆಳುವ ಪೆಟ್ಟಿಗೆ

ಬ್ಯಾಟರಿಯಿಂದ ಬರುವುದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ವಿದ್ಯುತ್, ಇಂದಿನ ಕಾರುಗಳ ಮೋಟಾರಿಗೆ ಬೇಕಾದದ್ದು ದಿಕ್ಕು ಬದಲಿಸುತ್ತ ಹರಿಯುವ ಎ.ಸಿ. ನಡುವೆ ಕುಳಿತು ಇದನ್ನು ಅದಾಗಿ ಮಾಡಿ, ಚಾಲಕನ ಪಾದದ ಒತ್ತಡಕ್ಕೆ ತಕ್ಕಂತೆ ಅಳೆದು ಕೊಡುವುದು ಇನ್ವರ್ಟರ್. ಹಿಂದಿನ ಶತಮಾನದ ಆರಂಭದ ಕಾರುಗಳಲ್ಲಿ ವೇಗ ಬದಲಿಸಲು ಬ್ಯಾಟರಿಗಳ ಜೋಡಣೆಯನ್ನೇ ಸ್ವಿಚ್ಚಿನಿಂದ ಬದಲಿಸಬೇಕಿತ್ತು. ಆ ಒರಟುತನ ಹೋಗಲು ಅರೆವಾಹಕ ಸ್ವಿಚ್ಚುಗಳು ಬರಬೇಕಾಯಿತು. ಅವುಗಳಲ್ಲಿ ಬಹು ಮುಖ್ಯವಾದ ಐ.ಜಿ.ಬಿ.ಟಿ.ಯನ್ನು 1980ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪಿಸಿದವರು ಬಂಟ್ವಾಳ ಜಯಂತ್ ಬಾಳಿಗಾ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಳೆದವರು. 2024ರಲ್ಲಿ ಅವರಿಗೆ ಫಿನ್‌ಲೆಂಡಿನ ಮಿಲೇನಿಯಮ್ ತಂತ್ರಜ್ಞಾನ ಪ್ರಶಸ್ತಿ ಸಂದಿತು. ಬ್ಯಾಟರಿಗೆ ನೊಬೆಲ್ ಬಂದಾಗ ಎಲ್ಲೆಡೆ ಸುದ್ದಿಯಾಯಿತು. ಬ್ಯಾಟರಿಯನ್ನು ಪಳಗಿಸಿದ ಈ ಸ್ವಿಚ್ಚಿನ ಹಿಂದಿನ ಹೆಸರು ನಮ್ಮಲ್ಲೇ ಅಷ್ಟಾಗಿ ಪರಿಚಿತವಲ್ಲ.

ಇದೇ ಪೆಟ್ಟಿಗೆ ವಿದ್ಯುತ್ತನ್ನು ಹಿಮ್ಮುಖವಾಗಿಯೂ ಹರಿಸಬಲ್ಲದು. ವೇಗ ತಗ್ಗಿಸಿದಾಗ ಚಕ್ರವೇ ಮೋಟಾರನ್ನು ತಿರುಗಿಸಿ ಜನರೇಟರ್ ಮಾಡುತ್ತದೆ. 1,500 ಕೆ.ಜಿ. ತೂಗುವ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಗಾಳಿ ಮತ್ತು ಟೈರಿನ ಪಾಲು ಹೋಗಿ ಉಳಿದದ್ದರಲ್ಲಿ ಒಂದಂಶ ಬ್ಯಾಟರಿಗೆ ಮರಳುತ್ತದೆ. ಆದರೆ ತುಂಬಿದ ಬ್ಯಾಟರಿಗೆ ಮತ್ತೆ ತುಂಬಲಾಗದು. ಆದ್ದರಿಂದ ಆಗುಂಬೆಯಲ್ಲೋ ಮಡಿಕೇರಿಯಲ್ಲೋ ರಾತ್ರಿ ಉಳಿದು ಬೆಳಿಗ್ಗೆ ಕರಾವಳಿಗೆ ಇಳಿಯುವವರು 100ರವರೆಗೆ ಚಾರ್ಜ್ ಮಾಡದೆ ಸ್ವಲ್ಪ ಜಾಗ ಉಳಿಸಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಇಳಿಜಾರಿನ ಭಾರವೆಲ್ಲ ಸಾಮಾನ್ಯ ಬ್ರೇಕಿನ ಮೇಲೆಯೇ ಬೀಳುತ್ತದೆ.

ಮೋಟಾರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಸ್ಕೂಟರಾದರೆ ಅದು ಹಿಂದಿನ ಚಕ್ರದೊಳಗೆ ಇದೆಯೋ ಚೌಕಟ್ಟಿನ ನಡುವೆ ಇದೆಯೋ ನೋಡಿ. ಚಕ್ರದೊಳಗಿನದು ಸರಳ, ನಡುವಿನದು ಏರು ರಸ್ತೆಗೆ ಸಾಮಾನ್ಯವಾಗಿ ಉತ್ತಮ.

ಹೆಜ್ಜೆ 5: ಮನೆಯ ಸಾಕೆಟ್ಟಿನ ಮುಂದೆ ನಿಂತು ನೋಡಿ

230 ವೋಲ್ಟ್, 15 ಆಂಪಿಯರಿನ ಸಾಕೆಟ್ ಕೊಡಬಲ್ಲದ್ದು ಗಂಟೆಗೆ ಸುಮಾರು 3.4 ಯೂನಿಟ್. ಸ್ಕೂಟರಿಗೆ ಇದು ಧಾರಾಳ. 30 ಯೂನಿಟ್ ಹಿಡಿಯುವ ಕಾರಿಗೆ ಒಂದು ಇಡೀ ರಾತ್ರಿ ಬೇಕು. ಗೋಡೆಗೆ ಕೂರಿಸುವ 7.2 ಕಿಲೋವಾಟ್ ಚಾರ್ಜರ್ ಹಾಕಿಸುವುದಾದರೆ ಮೊದಲು ಮನೆಯ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ನೋಡಿ, ಅಗತ್ಯವಿದ್ದರೆ ಬೆಸ್ಕಾಂ ಅಥವಾ ನಿಮ್ಮ ಭಾಗದ ಎಸ್ಕಾಂಗೆ ಅರ್ಜಿ ಕೊಡಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಹಲವು ಚಾರ್ಜರುಗಳು ಕೆಲಸವನ್ನೇ ಮಾಡುವುದಿಲ್ಲ; ಹಳೆಯ ಮನೆಗಳಲ್ಲಿ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಇದನ್ನು ಪರೀಕ್ಷಿಸಿದ ಮೇಲೆಯೇ ಮುಂಗಡ ಹಣ ಕಟ್ಟುವುದು ಲೇಸು.

ಹೆದ್ದಾರಿ ಬದಿಯ ವೇಗದ ಚಾರ್ಜರ್ ಡಿ.ಸಿ. ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ಕೊಡುತ್ತದೆ. ಭಾರತದ ಹೊಸ ಕಾರುಗಳು ಬಹುತೇಕ ಸಿ.ಸಿ.ಎಸ್. 2 ಎಂಬ ಕನೆಕ್ಟರ್ ಬಳಸುತ್ತವೆ. ದ್ವಿಚಕ್ರ ವಾಹನಗಳಲ್ಲಿ ಈ ಏಕರೂಪತೆ ಇನ್ನೂ ಬಂದಿಲ್ಲ. ಬೆಂಗಳೂರಿನ ಏಥರ್ ಸಂಸ್ಥೆ ರೂಪಿಸಿದ ಕನೆಕ್ಟರನ್ನು 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಒಪ್ಪಿದ್ದರೂ ಎಲ್ಲ ತಯಾರಕರೂ ಅದನ್ನು ಅಳವಡಿಸಿಕೊಂಡಿಲ್ಲ. ವೇಗದ ಚಾರ್ಜಿಂಗ್ ಸಮಯವನ್ನು 80ರವರೆಗೆ ಮಾತ್ರ ಹೇಳುವುದಕ್ಕೂ ಕಾರಣವಿದೆ: ಬ್ಯಾಟರಿ ತುಂಬುತ್ತ ಬಂದಂತೆ ವಿದ್ಯುತ್ ಪ್ರವಾಹವನ್ನು ತಗ್ಗಿಸಲೇಬೇಕು, ಕೊನೆಯ 20ಕ್ಕೆ ಬಹಳ ಸಮಯ ಹಿಡಿಯುತ್ತದೆ.

ಹೆಜ್ಜೆ 6: ನಿಮ್ಮ ಓಡಾಟದ ಲೆಕ್ಕ ಹಾಕಿ

ದಿನಕ್ಕೆ 30 ಕಿ.ಮೀ.ಯಂತೆ ತಿಂಗಳಿಗೆ 26 ದಿನ ಸ್ಕೂಟರ್ ಓಡಿಸುವವರ ಉದಾಹರಣೆ ತೆಗೆದುಕೊಳ್ಳೋಣ. ಒಟ್ಟು 780 ಕಿ.ಮೀ. ಕಿಲೋಮೀಟರಿಗೆ 30 ವಾಟ್ ಅವರ್‌ನಂತೆ 23.4 ಯೂನಿಟ್, ಚಾರ್ಜ್ ಮಾಡುವಾಗಿನ ನಷ್ಟ ಸೇರಿಸಿದರೆ 27. ಯೂನಿಟ್ಟಿಗೆ 7 ರೂ. ಎಂದುಕೊಂಡರೂ 190 ರೂ. ಆಗುತ್ತದೆ. ಲೀಟರಿಗೆ 45 ಕಿ.ಮೀ. ಕೊಡುವ ಪೆಟ್ರೋಲ್ ಸ್ಕೂಟರಿಗೆ, ಲೀಟರಿಗೆ 100 ರೂ. ಲೆಕ್ಕದಲ್ಲಿ 1,730 ರೂ. ಬೇಕು. ಕೊಳ್ಳುವಾಗ 40,000 ರೂ. ಹೆಚ್ಚು ತೆತ್ತಿದ್ದರೆ ಎರಡು ವರ್ಷ ಚಿಲ್ಲರೆಯಲ್ಲಿ ಅದು ಮರಳುತ್ತದೆ. ದಿನಕ್ಕೆ 8 ಕಿ.ಮೀ. ಮಾತ್ರ ಓಡಿಸುವವರಿಗೆ ಅದೇ ಹಣ ಮರಳಲು ಎಂಟು ವರ್ಷ ಬೇಕಾಗುತ್ತದೆ. ಅಷ್ಟರಲ್ಲಿ ಬ್ಯಾಟರಿಯ ವಾರಂಟಿ ಮುಗಿದಿರುವ ಸಾಧ್ಯತೆಯೇ ಹೆಚ್ಚು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಲೆಕ್ಕ ಸೇರುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್‌ಗಳ ಮಿತಿ ನಿಗದಿಯಾಗಿದೆ. ಮಿತಿ ದಾಟಿದರೆ ಹೆಚ್ಚುವರಿಗೆ ಮಾತ್ರ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗಾಗಲೇ 180ರ ಆಸುಪಾಸಿನಲ್ಲಿರುವ ಮನೆಗೆ ಸ್ಕೂಟರಿನ 27 ಯೂನಿಟ್ ಸೇರಿದರೆ ಆ ತಿಂಗಳ ಸ್ಕೂಟರಿನ ನಿಜವಾದ ಖರ್ಚು 190 ರೂ. ಆಗಿರುವುದಿಲ್ಲ. ಕಳೆದ ಬೇಸಿಗೆಯ ಬಿಲ್ಲುಗಳನ್ನು ತೆಗೆದು, ಫ್ಯಾನು ಕೂಲರುಗಳು ಹೆಚ್ಚು ಓಡುವ ತಿಂಗಳಿಗೆ ಈ ಯೂನಿಟ್‌ಗಳನ್ನು ಕೂಡಿಸಿ ನೋಡಿದ ಮೇಲೆ ಶೋರೂಮಿಗೆ ಹೋಗಿ.