ಹಿಂಗಾರಿನ ಉಡುಪು: ಅಂಗಡಿಯ ವಾರ್ಷಿಕೋತ್ಸವ ಮಾರಾಟದಲ್ಲಿ ಕೊಳ್ಳುವ ಬಗೆ

ಗಣೇಶನನ್ನು ಕಳುಹಿಸಿಕೊಟ್ಟ ವಾರದೊಳಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಜಗತ್ ವೃತ್ತದವರೆಗಿನ ಬಟ್ಟೆ ಅಂಗಡಿಗಳ ಮುಂದೆ ಬಲೂನಿನ ಕಮಾನುಗಳು ಏಳುತ್ತವೆ, ‘ವಾರ್ಷಿಕೋತ್ಸವದ ಪ್ರಯುಕ್ತ ಭಾರೀ ರಿಯಾಯಿತಿ’ ಎಂಬ ಫ್ಲೆಕ್ಸ್‌ಗಳು ತೂಗುತ್ತವೆ. ಇಷ್ಟೊಂದು ಅಂಗಡಿಗಳು ದಸರೆಗೆ ಹದಿನೈದು ದಿನ ಮೊದಲೇ ಹೇಗೆ ಹುಟ್ಟಿದವು ಎಂಬುದು ಬೇರೆ ಮಾತು. ಹಬ್ಬ, ಎಳ್ಳಮವಾಸ್ಯೆ ಮತ್ತು ತುಳಸಿ ಮದುವೆಯ ನಂತರದ ಲಗ್ನಗಳಿಗೆ ಬೇಕಾದ ಹೆಂಗಸರ ಉಡುಪನ್ನು ಒಮ್ಮೆಲೇ ಕೊಳ್ಳಲು ಈ ದಿನಗಳು ನಿಜಕ್ಕೂ ಅನುಕೂಲವಾಗಿವೆ. ಆದರೆ ರಿಯಾಯಿತಿ ಯಾವ ಬಟ್ಟೆಯ ಮೇಲಿದೆ ಎಂಬುದನ್ನು ತಿಳಿಯದೆ ಎಷ್ಟಿದೆ ಎಂದಷ್ಟೇ ನೋಡಿ ಕೊಂಡವರಿಗೆ ಲಾಭವಾಗುವುದು ಅಪರೂಪ.

ರಿಯಾಯಿತಿ ಮಾರಾಟಗಳಲ್ಲಿ ಎರಡು ಜಾತಿಗಳಿವೆ. 1901ರಲ್ಲಿ ಸಿಯಾಟಲ್ ನಗರದಲ್ಲಿ ಪಾದರಕ್ಷೆಗಳ ಅಂಗಡಿಯಾಗಿ ಆರಂಭವಾದ ಅಮೆರಿಕದ ನಾರ್ಡ್‌ಸ್ಟ್ರಾಮ್ ಮಳಿಗೆಯು ಬೇಸಿಗೆಯ ನಡುವೆಯೇ ವಾರ್ಷಿಕೋತ್ಸವ ಮಾರಾಟ ನಡೆಸಿ, ಮುಂದೆ ಬರಲಿರುವ ಎಲೆ ಉದುರುವ ಕಾಲದ ಹೊಸ ಉಡುಪುಗಳನ್ನು ಕೆಲವು ದಿನ ಕಡಿಮೆ ಬೆಲೆಗೆ ಮಾರುತ್ತದೆ, ಮಾರಾಟ ಮುಗಿದ ಮೇಲೆ ಅದೇ ಬಟ್ಟೆಯ ಬೆಲೆ ಮತ್ತೆ ಮೇಲೇರುತ್ತದೆ. ಇದು ಹೊಸ ಮಾಲಿನ ಮಾರಾಟ. ಉಳಿದ ಮಾಲನ್ನು ಖಾಲಿ ಮಾಡಲು ನಡೆಸುವ ಕ್ಲಿಯರೆನ್ಸ್ ಮಾರಾಟ ಎರಡನೆಯ ಜಾತಿಯದು. ನಮ್ಮಲ್ಲಿ ವಾರ್ಷಿಕೋತ್ಸವದ ಹೆಸರಿನಲ್ಲಿ ಇವೆರಡೂ ಒಂದೇ ಮೇಜಿನ ಮೇಲೆ ಕೂಡಿಕೊಳ್ಳುತ್ತವೆ. ಆದ್ದರಿಂದ ಒಳಗೆ ಕಾಲಿಟ್ಟ ಕೂಡಲೇ ಕೌಂಟರಿನವರನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ಪರ್ಸೆಂಟ್?’ ಎಂಬುದಲ್ಲ, ‘ಈ ಸಲದ ಮಾಲಿನ ಮೇಲೆ ಏನಿದೆ?’ ಎಂಬುದು. ಹೊಸ ಮಾಲಿನ ಮೇಲೆ ಶೇ 15 ಸಿಕ್ಕರೂ ಅದು ಹಳೆಯ ಮಾಲಿನ ಮೇಲಿನ ಶೇ 50ಕ್ಕಿಂತ ಒಳ್ಳೆಯ ವ್ಯಾಪಾರವಾಗಿರಬಹುದು.

ಹಳೆಯ ಮಾಲನ್ನು ಗುರುತಿಸಲು ಸೀರೆಯ ಮಡಿಕೆಯೇ ಸಾಕು. ಸೀರೆಯನ್ನು ಪೂರ್ತಿ ಬಿಚ್ಚಿಸಿ, ಮಡಿಕೆಯ ಗೆರೆಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಬಹುಕಾಲ ಒಂದೇ ಮಡಿಕೆಯಲ್ಲಿದ್ದ ಬಟ್ಟೆಯ ಗೆರೆಯಲ್ಲಿ ಬಣ್ಣ ತೆಳುವಾಗಿರುತ್ತದೆ, ಹೊರಮುಖದ ಮಡಿಕೆಯಲ್ಲಿ ಧೂಳಿನ ಬೂದು ಪಟ್ಟಿ ಕಾಣುತ್ತದೆ, ಜರಿ ಇದ್ದರೆ ಅಲ್ಲಲ್ಲಿ ಕಪ್ಪಿಟ್ಟಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಗಡಿಯೊಂದರ ವಾರ್ಷಿಕೋತ್ಸವದಲ್ಲಿ ನಾನು ಅರ್ಧ ಬೆಲೆಗೆ ತಂದ ನೇರಳೆ ರೇಷ್ಮೆ ಸೀರೆಯು ಶೀಗಿ ಹುಣ್ಣಿಮೆಯ ದಿನ ಮೊದಲ ಸಲ ಉಟ್ಟಾಗಲೇ ಮಡಿಕೆಯ ಗುಂಟ ಕತ್ತರಿಸಿದಂತೆ ಸೀಳಿತು. ಅಂಗಡಿಯವರು ಬಿಚ್ಚಲು ಸಂಕೋಚಪಟ್ಟಿದ್ದರು, ನಾನೂ ಒತ್ತಾಯ ಮಾಡಿರಲಿಲ್ಲ. ಸಿದ್ಧ ಉಡುಪುಗಳಲ್ಲಾದರೆ ಚೀಟಿಯನ್ನು ಓದಬೇಕು, ಏಕೆಂದರೆ ಅನೇಕ ಕಂಪನಿಗಳು ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಈಗಲೂ ಅಲ್ಲಿ ಮುದ್ರಿಸುತ್ತವೆ. ಲೆಗಿಂಗ್ಸ್ ಮತ್ತು ಪಲಾಝೋಗಳ ಸೊಂಟದ ಎಲಾಸ್ಟಿಕ್ಕನ್ನು ಎಳೆದು ಬಿಟ್ಟಾಗ ಅದು ತಟ್ಟನೆ ಹಿಂದಕ್ಕೆ ಬಾರದಿದ್ದರೆ ಆ ಬಟ್ಟೆ ಗೋದಾಮಿನಲ್ಲಿ ಬೇಸಿಗೆಗಳನ್ನು ಕಂಡಿದೆ ಎಂದು ತಿಳಿಯಬೇಕು, ನಮ್ಮ ಬೇಸಿಗೆ ಎಂಥದ್ದೆಂದು ಬೇರೆ ಹೇಳಬೇಕಿಲ್ಲ. ಹಳೆಯ ಮಾಲನ್ನು ಕೊಳ್ಳಲೇಬಾರದೆಂದಲ್ಲ. ಹತ್ತಿಯ ಸೀರೆಯೋ ಕುರ್ತಾವೋ ಮಡಿಕೆಯಲ್ಲಿ ಗಟ್ಟಿಯಾಗಿದ್ದರೆ ಧಾರಾಳವಾಗಿ ಕೊಳ್ಳಬಹುದು, ರೇಷ್ಮೆ ಮತ್ತು ಎಲಾಸ್ಟಿಕ್ ವಿಷಯದಲ್ಲಿ ಮಾತ್ರ ಹಳೆಯದು ಬೇಡ.

ಇನ್ನು ಕಾಲದ ಮಾತು. ಅಮೆರಿಕದವರು ಎಲೆ ಉದುರುವ ಕಾಲವನ್ನು ‘ಫಾಲ್’ ಎನ್ನುತ್ತಾರೆ, ನಮ್ಮ ಹೆಣ್ಣುಮಕ್ಕಳಿಗೆ ಫಾಲ್ ಎಂದರೆ ಸೀರೆಯ ಅಂಚಿಗೆ ಒಳಗಿನಿಂದ ಹಚ್ಚುವ ಪಟ್ಟಿ. ಆ ಕಾಲಕ್ಕೆ ನಮ್ಮಲ್ಲಿರುವ ಸರಿಯಾದ ಹೆಸರು ಹಿಂಗಾರು. ಸೆಪ್ಟೆಂಬರ್‌ನಲ್ಲಿ ಇನ್ನೂ ಮಳೆಯಿರುತ್ತದೆ, ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದಾಗ ಬಿಸಿಲು ಮತ್ತೆ ಚುರುಕಾಗುತ್ತದೆ, ನವೆಂಬರ್ ಬಂತೆಂದರೆ ಬೆಳಗಿನ ಹೊತ್ತು ಮಾತ್ರ ತಂಪು. ಎತ್ತರದಲ್ಲಿರುವ ಬೀದರಿನಲ್ಲಿ ಚಳಿ ಸ್ವಲ್ಪ ಹೆಚ್ಚು. ಹೀಗಾಗಿ ದೊಡ್ಡ ಊರಿನ ಗೊಂಬೆಗಳಿಗೆ ತೊಡಿಸಿದ ಜಾಕೆಟ್, ದಪ್ಪ ವೆಲ್ವೆಟ್ ಕುರ್ತಾ, ಉಣ್ಣೆಯ ಉದ್ದ ಕೋಟು ಇವು ಇಲ್ಲಿ ಕಪಾಟಿನ ಪಾಲಾಗುತ್ತವೆ. ಮುಂಗೈವರೆಗೆ ತೋಳಿರುವ ಹತ್ತಿ ಅಥವಾ ಖಾದಿ ಕುರ್ತಾಗಳು, ಮೇಲೆ ಹೊದೆಯಲು ಒಂದು ತೆಳು ಶಾಲು, ತೊಳೆದರೆ ಬೇಗ ಒಣಗುವ ಎರಡು ದಿನಬಳಕೆಯ ಸೀರೆ, ಹಬ್ಬಕ್ಕೊಂದು ಒಳ್ಳೆಯ ಸೀರೆ ಇದ್ದರೆ ಈ ಕಾಲ ಕಳೆಯುತ್ತದೆ. ಎಳ್ಳಮವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರು ಕೆಳಅಂಚು ಗಾಢ ಬಣ್ಣದ್ದಾಗಿರುವ ಸೀರೆಯನ್ನೇ ಆರಿಸಿದರೆ ಒಳಿತು, ಏಕೆಂದರೆ ಎರೆಮಣ್ಣಿನ ಕಲೆ ತಿಳಿ ಬಣ್ಣದಿಂದ ಪೂರ್ತಿ ಹೋಗುವುದಿಲ್ಲ. ದೀಪಾವಳಿಯಲ್ಲಿ ಪಣತಿ ಹಚ್ಚುವ ಹೊತ್ತಿಗೆ ಪಾಲಿಯೆಸ್ಟರ್ ಜಾರ್ಜೆಟ್ ದುಪಟ್ಟಾ ಬೇಡ, ಅದು ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಕುಬಸಕ್ಕೆ ಬೇಕಾದ ಹಸಿರು ಸೀರೆ, ಆಯೇರಿಗೆ ಕೊಡುವ ಸೀರೆ, ಉಡಿ ತುಂಬುವ ಖಣಗಳನ್ನೂ ಇದೇ ಸಮಯದಲ್ಲಿ ಲೆಕ್ಕ ಹಾಕಿ ಚೀಟಿ ಬರೆದುಕೊಂಡು ಹೋದರೆ ಮುಂದಿನ ಲಗ್ನದ ದಿನಗಳಲ್ಲಿ ಪೂರ್ತಿ ಬೆಲೆ ತೆರುವುದು ತಪ್ಪುತ್ತದೆ.

ಬಟ್ಟೆಯ ಗುಣವನ್ನು ಅರಿಯುವುದರಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ‘ಸಾಫ್ಟ್ ಸಿಲ್ಕ್’, ‘ಸೆಮಿ ಸಿಲ್ಕ್’, ‘ಆರ್ಟ್ ಸಿಲ್ಕ್’ ಎಂಬ ಹೆಸರುಗಳಲ್ಲಿ ರೇಷ್ಮೆ ಇರಲೇಬೇಕೆಂದಿಲ್ಲ, ಆರ್ಟ್ ಸಿಲ್ಕ್ ಎಂದರೆ ಕಲಾತ್ಮಕ ರೇಷ್ಮೆಯಲ್ಲ, ಕೃತಕ ರೇಷ್ಮೆ. ‘ಟೆಸ್ಟೆಡ್ ಜರಿ’ ಎಂಬ ಮಾತು ಇನ್ನೂ ಮೋಸದ್ದು, ಅದು ಪರೀಕ್ಷೆಗೊಳಪಟ್ಟ ಶುದ್ಧ ಜರಿ ಎಂದು ಅನೇಕರು ನಂಬಿದ್ದಾರೆ, ವಾಸ್ತವದಲ್ಲಿ ಬೆಳ್ಳಿಯ ಬದಲು ತಾಮ್ರ ಬಳಸಿ ಮಾಡಿದ ಅಗ್ಗದ ಜರಿಗೆ ವ್ಯಾಪಾರದಲ್ಲಿ ಇರುವ ಹೆಸರದು. ಶುದ್ಧ ರೇಷ್ಮೆಯ ಬೆಲೆ ಕೊಡುವುದಾದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಿಲ್ಕ್ ಮಾರ್ಕ್ ಚೀಟಿಯನ್ನು ಕೇಳಬೇಕು. ಸಂದೇಹವಿದ್ದರೆ ಸೆರಗಿನ ತುದಿಯ ಒಂದೆರಡು ಎಳೆಗಳನ್ನು ಬೇಡಿ ತಂದು ಮನೆಯಲ್ಲಿ ಸುಟ್ಟು ನೋಡಬಹುದು: ರೇಷ್ಮೆ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಇಳಕಲ್ ಸೀರೆ ಈ ಭಾಗದವರ ಕಣ್ಣಿಗೆ ಹೊಸದಲ್ಲ, ಆದರೂ ಮಾರಾಟದ ಗದ್ದಲದಲ್ಲಿ ಯಂತ್ರದ ಮಗ್ಗದ ಸೀರೆಯೇ ಕೈಮಗ್ಗದ್ದೆಂದು ಕೈಗೆ ಬರುವುದುಂಟು. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲಿನ ಹಾಸುನೂಲನ್ನು ಸೆರಗಿನ ರೇಷ್ಮೆ ನೂಲಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಬಿಳಿಯ ವಿನ್ಯಾಸವುಳ್ಳ ಕೆಂಪು ತೋಪುತೆನೆ ಸೆರಗು ಒಡಲನ್ನು ಸೇರುವ ಗೆರೆಯ ಮೇಲೆ, ಹಿಂಬದಿಯಿಂದ, ಬೆರಳಾಡಿಸಿದರೆ ಆ ಕೊಂಡಿಗಳ ಸಾಲು ತಿಳಿಯುತ್ತದೆ. ಒಡಲು ಮತ್ತು ಸೆರಗು ಒಂದೇ ನೂಲಿನಲ್ಲಿ ಎಲ್ಲಿಯೂ ಬೆಸೆಯದೆ ಹರಿದುಬಂದಿದ್ದರೆ ಅದು ಆ ಕೊಂಡಿಯ ನೇಯ್ಗೆಯಲ್ಲ. ಯಂತ್ರದ ಮಗ್ಗದ ಸೀರೆಯನ್ನು ದಿನಬಳಕೆಗೆ ಕೊಳ್ಳುವುದರಲ್ಲಿ ತಪ್ಪಿಲ್ಲ, ಕೈಮಗ್ಗದ ಬೆಲೆಯನ್ನು ಅದಕ್ಕೆ ಕೊಡಬಾರದಷ್ಟೇ. ಯಾದಗಿರಿಯ ಗಡಿಯಾಚೆಗಿನ ನಾರಾಯಣಪೇಟೆಯ ಸೀರೆಗಳಿಗೂ ಇದೇ ಎಚ್ಚರ ಅನ್ವಯಿಸುತ್ತದೆ. ಗಾಢ ಕೆಂಪು, ನೀಲಿ, ಕಪ್ಪು ಬಣ್ಣದ ಹತ್ತಿಬಟ್ಟೆಯಾದರೆ ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಒಳಮೈಗೆ ಉಜ್ಜಿ ನೋಡಬೇಕು, ಅದಕ್ಕೆ ಹತ್ತಿದ ಬಣ್ಣ ನಾಳೆ ನಿಮ್ಮ ಪರಕಾರಕ್ಕೂ ಹತ್ತುತ್ತದೆ. ಬಣ್ಣವನ್ನು ಬಾಗಿಲ ಬಳಿಯ ಹಗಲು ಬೆಳಕಿನಲ್ಲಿಯೇ ನಿರ್ಧರಿಸಬೇಕೆಂಬುದು ನಮ್ಮ ಅಜ್ಜಿಯರ ಕಾಲದ ಮಾತು, ಎಲ್‌ಇಡಿ ದೀಪಗಳು ಬಂದ ಮೇಲೆ ಅದು ಇನ್ನಷ್ಟು ನಿಜವಾಗಿದೆ.

ಸಿದ್ಧ ಉಡುಪಿನ ಅಳತೆಯಲ್ಲಿ ಎಲ್, ಎಕ್ಸ್‌ಎಲ್ ಅಕ್ಷರಗಳನ್ನು ನಂಬದೆ ಸೆಂಟಿಮೀಟರ್ ಅಂಕಿಯನ್ನು ನೋಡಿ, ತೋಳಡಿಯ ಹೊಲಿಗೆಯೊಳಗೆ ಬಿಡಿಸಲು ಮಾರ್ಜಿನ್ ಇದೆಯೇ ಎಂದು ಪರೀಕ್ಷಿಸಿ. ರೇಯಾನ್ ಕುರ್ತಾ ಮೊದಲ ತೊಳೆತಕ್ಕೆ ಕುಗ್ಗುವುದರಿಂದ ಉದ್ದದಲ್ಲಿ ಸ್ವಲ್ಪ ಹೆಚ್ಚಿರಲಿ.

ಲೆಕ್ಕದ ವಿಷಯದಲ್ಲಿ ಫ್ಲೆಕ್ಸ್‌ನ ಅಕ್ಷರಗಳಿಗಿಂತ ನಿಮ್ಮ ಮೊಬೈಲಿನ ಕ್ಯಾಲ್ಕುಲೇಟರ್ ಹೆಚ್ಚು ಪ್ರಾಮಾಣಿಕ. ‘50+20’ ಎಂದರೆ ಶೇ 70 ಅಲ್ಲ, 1,000 ರೂ. ಮೊದಲು 500 ಆಗಿ, ಅದರ ಮೇಲೆ ಶೇ 20 ಕಳೆದು 400 ಆಗುವುದರಿಂದ ಸಿಗುವುದು ಶೇ 60. ‘ಎರಡು ಕೊಂಡರೆ ಒಂದು ಉಚಿತ’ ಎಂಬಲ್ಲಿ ಮೂರೂ ಒಂದೇ ಬೆಲೆಯವಾದರೆ ಶೇ 33ರಷ್ಟು ಉಳಿತಾಯ, ಬೆಲೆ ಬೇರೆ ಬೇರೆಯಾದರೆ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗ್ಗದ್ದೇ ಉಚಿತವಾಗುವುದರಿಂದ ಇನ್ನೂ ಕಡಿಮೆ. ತೆರಿಗೆಯನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಿನದಕ್ಕೆ ಶೇ 18. ಅದಕ್ಕೆ ಮೊದಲು 1,000 ರೂ. ದಾಟಿದರೆ ಶೇ 12 ಇತ್ತು. ತೆರಿಗೆ ಸೇರುವ ಮುನ್ನ 2,000 ರೂ. ಇದ್ದ ಕುರ್ತಾಕ್ಕೆ ಆಗ 240 ರೂ. ತೆರಿಗೆಯಾದರೆ ಈಗ 100 ರೂ. ಮಾತ್ರ, ಆದ್ದರಿಂದ ಹಳೆಯ ಚೀಟಿಯ ಬೆಲೆಯಿಂದ ಇಳಿಸಿದ ಮೊದಲ 140 ರೂ. ಅಂಗಡಿಯ ಕೊಡುಗೆಯಲ್ಲ. ಎಂಆರ್‌ಪಿ ಎಂಬುದು ಎಲ್ಲ ತೆರಿಗೆ ಸೇರಿದ ಬೆಲೆ. ರಿಯಾಯಿತಿ ಕಳೆದ ಮೇಲೆ ಮತ್ತೆ ತೆರಿಗೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗವು 2017ರಲ್ಲಿಯೇ ಹೇಳಿದೆ, ಅಂದು ತೆರಿಗೆಯ ಹೆಸರು ವ್ಯಾಟ್ ಆಗಿತ್ತಷ್ಟೇ. ಸೀರೆಗಳ ಮೇಲೆ ಅಂಗಡಿಯವರೇ ಅಂಟಿಸಿದ ಬೆಲೆಚೀಟಿ ಇರುವುದು ಹೆಚ್ಚು, ಅಲ್ಲಿ ಹೊಡೆದುಹಾಕಿದ ಬೆಲೆಗೆ ಅರ್ಥವಿಲ್ಲ. ಅಂಥದೇ ಸೀರೆಯ ಭಾವವನ್ನು ಪಕ್ಕದ ಎರಡು ಅಂಗಡಿಗಳಲ್ಲಿ ಕೇಳಿ ಬರುವುದೊಂದೇ ದಾರಿ.

ಹಾಗೆ ಕೇಳಿ ಬರಲು ಎರಡು ಸಲ ಹೋಗುವುದು ಉತ್ತಮ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ, ಆದ್ದರಿಂದ ಆಳಂದ, ಚಿತ್ತಾಪುರ, ಜೇವರ್ಗಿ, ಸೇಡಂ ಕಡೆಯವರಿಗೂ ಮೊದಲ ದಿನ ನೋಡಿ ಹೋಗಿ ಎರಡನೆಯ ದಿನ ಕೊಳ್ಳುವುದು ಭಾರವಲ್ಲ. ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರು ಈ ಉಚಿತ ಪ್ರಯಾಣ ರಾಜ್ಯದ ಗಡಿಯೊಳಗೆ ಮಾತ್ರ ಎಂಬುದನ್ನು ಮರೆತು ಉಳಿತಾಯದ ಲೆಕ್ಕ ಹಾಕಬಾರದು. ಪಿತೃಪಕ್ಷದ ಹದಿನೈದು ದಿನ ಹೊಸಬಟ್ಟೆ ಕೊಳ್ಳದ ಮನೆಗಳು ನಮ್ಮಲ್ಲಿ ಹಲವು, ಆಗ ಅಂಗಡಿಗಳು ಖಾಲಿ. ಆ ನಿಯಮವಿಲ್ಲದವರಿಗೆ ಟ್ರಯಲ್ ರೂಮಿನ ಮುಂದೆ ಸಾಲಿಲ್ಲದೆ, ಸಹನೆಯಿಂದ ಹತ್ತು ಸೀರೆ ಬಿಚ್ಚಿ ತೋರಿಸುವ ಸಿಬ್ಬಂದಿಯ ಜೊತೆ ಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ನಿಯಮವಿದ್ದವರೂ ನೋಡಿ ಬರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ.

ಹಣ ಕೊಡುವ ಮೊದಲು ಬದಲಾವಣೆಯ ನಿಯಮವನ್ನು ಕೇಳಿ, ಅದನ್ನು ಬಿಲ್ಲಿನಲ್ಲಿ ಓದಿ. ‘ಮಾರಾಟದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ಇಷ್ಟವಾಗದ ಬಣ್ಣಕ್ಕೆ ಅನ್ವಯಿಸಬಹುದು, ದೋಷವಿರುವ ಬಟ್ಟೆಗೆ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯೇ ಇಲ್ಲದಿದ್ದರೆ 30 ದಿನಗಳೊಳಗೆ, ದೋಷಯುಕ್ತ ವಸ್ತುವನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ, ಬಿಲ್ಲು ಕೊಡದಿರುವುದೂ ಹಾಗೆಯೇ. ಮಾತು ನಡೆಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. ಇದಕ್ಕೆಲ್ಲ ಬಿಲ್ಲು ಬೇಕು, ಬಿಲ್ಲಿನ ಶಾಯಿ ಕೆಲವೇ ತಿಂಗಳಲ್ಲಿ ಮಾಸುವುದರಿಂದ ಅಂದೇ ಅದರ ಫೋಟೋ ತೆಗೆದಿಡಬೇಕು.

ಮನೆಗೆ ತಂದ ಮೇಲೆ ಚೀಟಿ ಕೀಳದೆ ಹಗಲಿನಲ್ಲಿ ಮತ್ತೊಮ್ಮೆ ಸೀರೆಯನ್ನು ಬಿಚ್ಚಿ ನೋಡಿ, ನಂತರವೇ ಬ್ಲೌಸ್ ತುಂಡನ್ನು ಕತ್ತರಿಸಿ, ಏಕೆಂದರೆ ಕತ್ತರಿ ಬಿದ್ದ ಸೀರೆಯನ್ನು ಯಾವ ಅಂಗಡಿಯೂ ಬದಲಿಸಿಕೊಡದು. ಹತ್ತಿಯ ಫಾಲ್ ಪಟ್ಟಿಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಹೊಲಿಯಲು ಕೊಡಬೇಕು, ಇಲ್ಲವಾದರೆ ಮೊದಲ ತೊಳೆತದಲ್ಲಿ ಪಟ್ಟಿ ಕುಗ್ಗಿ ಅಂಚೆಲ್ಲ ಸುಕ್ಕುಗಟ್ಟುತ್ತದೆ. ಫಾಲ್, ಪಿಕೋ ಮತ್ತು ಬ್ಲೌಸ್ ಹೊಲಿಗೆಯ ಕೂಲಿಯನ್ನು ಸೀರೆಯ ಬೆಲೆಗೆ ಅಂಗಡಿಯಲ್ಲಿದ್ದಾಗಲೇ ಸೇರಿಸಿ ನೋಡಿ. ಟೇಲರ್‌ಗಳ ಕೈ ದಸರೆಯ ವಾರದಲ್ಲಿ ಬಿಡುವಾಗಿರುವುದಿಲ್ಲ, ಬನ್ನಿ ಕೊಡುವ ದಿನ ಉಡಬೇಕಾದ ಸೀರೆಯ ಜಂಪರನ್ನು ಘಟಸ್ಥಾಪನೆಗೆ ಮೊದಲೇ ಹೊಲಿಯಲು ಕೊಟ್ಟುಬಿಡಿ.