ಹೊಸ ಬೈಕಿಗೆ ಅಲಾರಂ: ಕೊಡಗಿನ ಮಳೆಗೆ ಒಗ್ಗುವುದು ಯಾವುದು?

ಹೊಸ ಬೈಕಿನ ಕೀಲಿ ಕೈಗೆ ಸಿಗುವ ಹೊತ್ತಿಗೆ ಸೀಟ್ ಕವರ್, ಕ್ರ್ಯಾಶ್ ಗಾರ್ಡ್‌ಗಳ ಜೊತೆ ‘ಅಲಾರಂ ಒಂದು ಹಾಕಿಸಿಬಿಡಿ ಸಾರ್’ ಎಂಬ ಮಾತೂ ಬರುತ್ತದೆ. ಆ ಸಂಭ್ರಮದಲ್ಲಿ ನಾನೂ ಹ್ಞೂಂ ಅಂದಿದ್ದೆ. ಜುಲೈ ಮಳೆಯಲ್ಲಿ ಮಾಡಿನ ಶೀಟಿನ ಅಂಚಿನ ದಪ್ಪ ಹನಿಗಳು ಟ್ಯಾಂಕಿನ ಮೇಲೆ ಬಿದ್ದು, ರಾತ್ರಿ ಎರಡಕ್ಕೆ ಸೈರನ್ ಬೊಬ್ಬೆ ಹೊಡೆಯಿತು. ತೋಟದ ಕಡೆ ರಾತ್ರಿ ಗದ್ದಲವೆಂದರೆ ಆನೆ ಬಂತೆಂದೇ ಲೆಕ್ಕ. ಪಕ್ಕದ ಮನೆಯವರು ಟಾರ್ಚು, ಪಟಾಕಿ ಸಮೇತ ಹೊರಬಂದರು. ಮೂರು ರಾತ್ರಿ ಹೀಗಾಯಿತು. ನಾಲ್ಕನೆಯ ದಿನ ನಾನೇ ಅದರ ವೈರು ಕಿತ್ತೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ: ನಿಮ್ಮ ಬೈಕು ರಾತ್ರಿ ಎಲ್ಲಿ ನಿಲ್ಲುತ್ತದೆ, ಕೂಗಳತೆಯಲ್ಲಿ ಯಾರಿದ್ದಾರೆ? ಮಡಿಕೇರಿಯ ಓಣಿಯಲ್ಲೋ ಕುಶಾಲನಗರದ ಬಡಾವಣೆಯಲ್ಲೋ ಆದರೆ ಸೈರನ್ನಿಗೆ ಅರ್ಥವಿದೆ. ತೋಟದ ನಡುವಿನ ಒಂಟಿ ಮನೆಯಲ್ಲಿ, ಅದೂ ಮಳೆಯ ಸದ್ದಿನಲ್ಲಿ, ಅದು ಕೂಗಿದರೆ ಕೇಳುವವರು ನೀವೊಬ್ಬರೇ.

ಮೊದಲು ಕಬ್ಬಿಣ

ಹ್ಯಾಂಡಲ್ ಲಾಕನ್ನು ನಂಬಬೇಡಿ. ಬಲವಾಗಿ ತಿರುಚಿದರೆ ಅದು ಮುರಿಯುತ್ತದೆ. ಡಿಸ್ಕ್ ಬ್ರೇಕ್ ಇರುವ ಬೈಕಿಗೆ, ಚಕ್ರದ ಬ್ರೇಕ್ ತಟ್ಟೆಯ ತೂತಿಗೆ ಹಾಕುವ ಡಿಸ್ಕ್ ಲಾಕ್ ಒಳ್ಳೆಯದು, ಜೇಬಿನಲ್ಲೂ ಹಿಡಿಸುತ್ತದೆ. ಆದರೆ ಹ್ಯಾಂಡಲ್‌ನಿಂದ ಲಾಕಿಗೆ ನೆನಪಿನ ಕೇಬಲ್ ಕಟ್ಟಲೇಬೇಕು. ಶುಕ್ರವಾರದ ಸಂತೆ ಮುಗಿಸಿ ಅವಸರದಲ್ಲಿ ಲಾಕ್ ಮರೆತು ಗೇರ್ ಹಾಕಿದರೆ ಬೈಕೂ ನೀವೂ ಒಟ್ಟಿಗೆ ನೆಲಕ್ಕೆ. ಮನೆಯಲ್ಲಾದರೆ ಗಡಸು ಉಕ್ಕಿನ ದಪ್ಪ ಚೈನ್ ಕೊಳ್ಳಿ. ಅದನ್ನು ಚಕ್ರಕ್ಕಷ್ಟೇ ಸುತ್ತಬೇಡಿ. ಫ್ರೇಮಿನ ಮೂಲಕ ತೂರಿಸಿ ಜಗಲಿಯ ಕಬ್ಬಿಣದ ಕಂಬಕ್ಕೆ ಬಿಗಿಯಿರಿ. ಚಕ್ರ ತಿರುಗದಿದ್ದರೂ ಇಬ್ಬರು ಸೇರಿ ಪಿಕಪ್‌ಗೆ ಎತ್ತಿಹಾಕಬಹುದಲ್ಲ! ಚೈನು, ಬೀಗ ನೆಲಕ್ಕೆ ತಾಗದಂತಿರಲಿ. ನೆಲದ ಮೇಲಿದ್ದರೆ ಸುತ್ತಿಗೆ ಏಟಿಗೆ ಅನುಕೂಲ. ಪ್ಲಾಸ್ಟಿಕ್ ಹೊದಿಕೆಯ ತೆಳು ಕೇಬಲ್ ಲಾಕು ಹೆಲ್ಮೆಟ್ ಕಟ್ಟುವುದಕ್ಕಷ್ಟೇ ಲಾಯಕ್ಕು.

ಆಮೇಲೆ ಅಲಾರಂ

ಅಂಗಡಿಯವರು ಸೈರನ್ನಿನ ಸದ್ದು ಕೇಳಿಸಿ ಮೆಚ್ಚಿಸಲು ನೋಡುತ್ತಾರೆ. ನೀವು ಕೇಳಬೇಕಾದ್ದು ಬೇರೆ. ಕಂಪನ ಸೆನ್ಸರಿನ ಸೂಕ್ಷ್ಮತೆಯನ್ನು ಕಡಿಮೆ ಮಾಡಬಹುದೇ? ಆಗದಿದ್ದರೆ ಬೆಕ್ಕು ಹಾರಿದರೂ ಗುಡುಗಿದರೂ ಕಿರುಚುತ್ತದೆ. ಡಬ್ಬಿಯ ಮೇಲೆ ಐಪಿ 67 ಎಂದಿದೆಯೇ? ಅದರ 6 ಧೂಳಿಗೆ, 7 ನೀರಿಗೆ: ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗದು. ಬರೀ ‘ವಾಟರ್‌ಪ್ರೂಫ್’ ಎಂಬ ಮಾತಿಗೆ ನಮ್ಮ ಮಳೆಗಾಲದಲ್ಲಿ ಬೆಲೆಯಿಲ್ಲ. ರಿಮೋಟ್ ಪ್ರತಿ ಸಲ ಕೋಡ್ ಬದಲಿಸುವಂಥದ್ದಾಗಿರಲಿ, ಇಲ್ಲದಿದ್ದರೆ ಸಿಗ್ನಲ್ ಕದ್ದು ನಕಲು ಮಾಡುವುದು ಕಷ್ಟವೇನಲ್ಲ.

ಎಲ್ಲರೂ ಮರೆಯುವುದು ಬ್ಯಾಟರಿಯನ್ನು. ಅಲಾರಂ ಸುಮ್ಮನಿದ್ದಾಗಲೂ ಕರೆಂಟ್ ಕುಡಿಯುತ್ತದೆ. 20 ಮಿಲಿ ಆಂಪಿಯರ್ ಎಳೆದರೆ ದಿನಕ್ಕೆ ಸುಮಾರು ಅರ್ಧ ಆಂಪಿಯರ್ ಅವರ್ ಖರ್ಚು. 4 ಆಂಪಿಯರ್ ಅವರ್‌ನ ಸಣ್ಣ ಬ್ಯಾಟರಿ ಎಂಟೇ ದಿನಕ್ಕೆ ಪೂರ್ತಿ ಖಾಲಿ. ಸೆಲ್ಫ್ ಸ್ಟಾರ್ಟ್ ಅದಕ್ಕೂ ಮೊದಲೇ ಕೈಕೊಡುತ್ತದೆ. ಮಳೆ ಹಿಡಿದು ವಾರಗಟ್ಟಲೆ ಬೈಕು ತೆಗೆಯದ ಮನೆಗಳಲ್ಲಿ ಇದು ನಡೆದೇ ನಡೆಯುತ್ತದೆ. 5 ಮಿಲಿ ಆಂಪಿಯರ್ ಒಳಗಿನದನ್ನೇ ಹುಡುಕಿ. ಅಲಾರಂ ಇರುವ ಡಿಸ್ಕ್ ಲಾಕ್ ಕೊಂಡರೆ ಈ ತಲೆಬಿಸಿಯೇ ಇಲ್ಲ, ಅದರಲ್ಲಿ ತನ್ನದೇ ಪುಟ್ಟ ಸೆಲ್‌ಗಳಿರುತ್ತವೆ. ನಾನೀಗ ಬಳಸುವುದು ಅದನ್ನೇ.

ಜಿಪಿಎಸ್ ಬೇಕೇ?

ದುಬಾರಿ ಬೈಕಿಗೆ ಬೇಕು. ಆದರೆ ಉಪಗ್ರಹದಿಂದ ಜಾಗ ಗೊತ್ತಾದರೂ ಅದನ್ನು ನಿಮ್ಮ ಫೋನಿಗೆ ತಲುಪಿಸಲು ಟ್ರ್ಯಾಕರ್ ಒಳಗಿನ ಸಿಮ್‌ಗೆ ಮೊಬೈಲ್ ನೆಟ್‌ವರ್ಕ್ ಬೇಕು. ಮಾಕುಟ್ಟದ ಕಾಡುದಾರಿ ಹಿಡಿದು ಕೇರಳಕ್ಕೆ ಇಳಿಯುವ ಬೈಕಿನ ಸುದ್ದಿ ಆ ಗಳಿಗೆಯಲ್ಲೇ ಬರುತ್ತದೆಂದು ಕಾಯಬೇಡಿ. ನೆಟ್‌ವರ್ಕ್ ಇಲ್ಲದಾಗ ದಾರಿಯನ್ನು ನೆನಪಿಟ್ಟುಕೊಂಡು ಆಮೇಲೆ ಕಳಿಸುವ, ಒಳಗೆ ತನ್ನದೇ ಬ್ಯಾಟರಿ ಇರುವ ಟ್ರ್ಯಾಕರ್ ಕೇಳಿ. ನಿಮ್ಮ ಮನೆಯ ಹತ್ತಿರ ಯಾವ ಕಂಪನಿಯ ಸಿಗ್ನಲ್ ಹಿಡಿಯುತ್ತದೋ ಅದೇ ಸಿಮ್ ಹಾಕಿಸಿ. ವರ್ಷವರ್ಷದ ಶುಲ್ಕವನ್ನೂ ಮೊದಲೇ ವಿಚಾರಿಸಿ. ಕೆಲವು ಟ್ರ್ಯಾಕರ್‌ಗಳು ಫೋನಿನಿಂದಲೇ ಎಂಜಿನ್ ನಿಲ್ಲಿಸುತ್ತವೆ. ಓಡುವಾಗ ನಿಲ್ಲಿಸುವುದು ಬೇಡ, ಸ್ಟಾರ್ಟ್ ಆಗದಂತೆ ತಡೆದರೆ ಸಾಕು. ಸಂಪಾಜೆ ಘಾಟಿಯ ತಿರುವಿನಲ್ಲಿ ಎಂಜಿನ್ನಿನ ಕರೆಂಟ್ ಕಡಿಯುವ ಆ ಸ್ವಿಚ್ (ರಿಲೇ) ಕೆಟ್ಟರೆ ಬೀಳುವವರು ಕಳ್ಳರಲ್ಲ, ನೀವು.

ಕೂರಿಸುವಾಗ

ವೈರ್ ಸುಲಿದು ಟೇಪ್ ಸುತ್ತುವವರಿಗೆ ಕೊಡಬೇಡಿ. ಟೇಪಿನ ಕೆಳಗೆ ನೀರು ನಿಂತು ಹಸಿರು ತುಕ್ಕು ಹಿಡಿಯುತ್ತದೆ, ವಾರಂಟಿಗೂ ತಕರಾರು ಬರುತ್ತದೆ. ನಿಮ್ಮ ಮಾದರಿಗೆ ಹೊಂದುವ ಕಪ್ಲರ್ (ವೈರ್ ಸುಲಿಯದೆ ಸಿಕ್ಕಿಸುವ ಪ್ಲಗ್ಗು) ಇರುವ ಕಿಟ್ ಸಿಗುತ್ತದೆಯೇ ಎಂದು ಶೋರೂಮಿನಲ್ಲೇ ಕೇಳಿ. ಹಾಕಿಸಿದ ದಿನವೇ ಪೈಪು ಹಿಡಿದು ಬೈಕು ತೊಳೆದು ನೋಡಿ.

ಇನ್ನು ವಿಮೆ. ಹೊಸ ದ್ವಿಚಕ್ರ ವಾಹನಕ್ಕೆ 2018ರ ಸೆಪ್ಟೆಂಬರ್‌ನಿಂದ 5 ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಬೈಕಿನಿಂದ ಬೇರೆಯವರಿಗಾದ ಹಾನಿಯ ವಿಮೆ, ಕಡ್ಡಾಯ. ಕಳವಿಗೆ ಅದು ಬಿಡಿಗಾಸೂ ಕೊಡುವುದಿಲ್ಲ. ಕೊಡುವುದು ನಿಮ್ಮ ಬೈಕಿನದೇ ನಷ್ಟ ತುಂಬುವ ಓನ್ ಡ್ಯಾಮೇಜ್ ಭಾಗ. ಅದು ಹೆಚ್ಚಾಗಿ ಒಂದೇ ವರ್ಷಕ್ಕೆ ಮುಗಿಯುತ್ತದೆ. ‘ಐದು ವರ್ಷ ಇದೆಯಲ್ಲ’ ಎಂದು ನಿಶ್ಚಿಂತೆಯಿಂದಿರುವವರೇ ಜಾಸ್ತಿ. ಬೈಕು ಕಳೆದರೆ ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ, ವಿಮಾ ಕಂಪನಿಗೂ ತಿಳಿಸಿ. ಕಂಪನಿಯವರು ಎರಡೂ ಕೀಲಿ ಕೇಳುತ್ತಾರೆ. ಎರಡನೆಯದನ್ನು ಸೀಟಿನ ಕೆಳಗಿನ ಟೂಲ್ ಕಿಟ್‌ನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆದು ಮನೆಯ ಬೀರುವಿಗೆ ಹಾಕಿ.